ಸುಲ್ತಾನ್‌ಪೇಟೆ ತೋಪಿನ ರಾತ್ರಿ

1799ರ ಏಪ್ರಿಲ್ 5. ಶ್ರೀರಂಗಪಟ್ಟಣದ ಕೋಟೆಗೂ ಅದರ ಪಶ್ಚಿಮಕ್ಕೆ ಬೀಡುಬಿಟ್ಟ ಇಂಗ್ಲಿಷರ ದಂಡಿಗೂ ನಡುವಿನ ಸುಲ್ತಾನ್‌ಪೇಟೆ ತೋಪಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೀರಿ. ನೀವು ಟಿಪ್ಪುವಿನ ಬಾಣಗಾರ, ಅಂದರೆ ರಾಕೆಟ್ ಹಾರಿಸುವವರು. ಸುತ್ತ ಮರಗಳು, ಬಿದಿರುಮೆಳೆ, ಅಡ್ಡಾದಿಡ್ಡಿ ಕಾಲುವೆಗಳು. ಕೈ ಚಾಚಿದರೆ ಕೈ ಕಾಣದಷ್ಟು ಕತ್ತಲು. ಎಲ್ಲಿ ಏರಿ, ಎಲ್ಲಿ ನೀರು ಎಂದು ನಿಮ್ಮ ಪಾದಕ್ಕೆ ಗೊತ್ತು. ಬರುತ್ತಿರುವವರು ಈ ನೆಲವನ್ನು ಹಗಲಲ್ಲಿ ನೋಡಿಯೇ ಇಲ್ಲ.

ಪಕ್ಕದಲ್ಲಿ ಬಾಣಗಳ ಕಂತೆಯಿದೆ. ಒಂದನ್ನು ಎತ್ತಿಕೊಳ್ಳಿ. ಗೇಣುದ್ದದ ಕಬ್ಬಿಣದ ಕೊಳವೆ, ಅದನ್ನು ಉದ್ದನೆಯ ಬಿದಿರಿಗೆ ತೊಗಲಿನ ಪಟ್ಟಿಯಿಂದ ಬಿಗಿದಿದ್ದಾರೆ. ಬಿದನೂರು ನಗರದ ಹಾಳು ಬಾವಿಯೊಂದರಲ್ಲಿ 2018ರಲ್ಲಿ ಸಿಕ್ಕ ಸಾವಿರಕ್ಕೂ ಹೆಚ್ಚು ಕೊಳವೆಗಳು ಈ ಜಾತಿಯವೇ. ಯುರೋಪಿನವರು ಆಗಿನ್ನೂ ಕಾಗದದ ರಟ್ಟಿನ ಕೊಳವೆಯಲ್ಲಿ ಮದ್ದು ತುಂಬುತ್ತಿದ್ದರು. ಒಳಗಿನ ಒತ್ತಡ ಏರಿದರೆ ರಟ್ಟು ಸಿಡಿಯುತ್ತದೆ, ಬಡಿದು ಮಾಡಿದ ಕಬ್ಬಿಣ ತಡೆದುಕೊಳ್ಳುತ್ತದೆ. ಆದ್ದರಿಂದಲೇ ಮೈಸೂರಿನ ಬಾಣ ಒಂದು ಕಿಲೋಮೀಟರ್ ದಾಟಿಯೂ ಹಾರುತ್ತದೆ. ಈ ಕಥೆ ಹೇಳುವಾಗ ಎಲ್ಲರೂ ಸುಲ್ತಾನನ ಹೆಸರು ಹೇಳುತ್ತಾರೆ. ನನಗೆ ಮಾತ್ರ ಮೊದಲು ನೆನಪಾಗುವವನು, ಹೆಸರು ಎಲ್ಲೂ ದಾಖಲಾಗದ ಆ ಕಮ್ಮಾರ.

ಬೂಟಿನ ಸದ್ದು. ನೀರಿಗೆ ಯಾರೋ ಬಿದ್ದ ಸದ್ದು. 33ನೇ ರೆಜಿಮೆಂಟನ್ನು ಕರೆದುಕೊಂಡು ಕರ್ನಲ್ ಆರ್ಥರ್ ವೆಲ್ಲೆಸ್ಲಿ ತೋಪಿನೊಳಗೆ ಕಾಲಿಟ್ಟಿದ್ದಾನೆ. ಮುಂದೊಂದು ದಿನ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸುವವನು ಇವನೇ. ಈಗ ವಯಸ್ಸು 29.

ಬತ್ತಿಗೆ ಕಿಡಿ ಮುಟ್ಟಿಸಿ! ಕೊಳವೆ ಬುಸುಗುಡುತ್ತದೆ, ಬಿದಿರು ನಡುಗುತ್ತದೆ, ಕೈ ಬಿಟ್ಟ ಕೂಡಲೇ ಬೆಂಕಿಯ ಗೆರೆ ಮರಗಳ ನಡುವೆ ನುಗ್ಗುತ್ತದೆ. ಬಲಗಡೆಯಿಂದ ಇನ್ನೊಂದು, ಹಿಂದಿನಿಂದ ನಾಲ್ಕಾರು. ಕೆಲವು ನೆಲಕ್ಕೆ ತಾಗಿ ಪುಟಿದು ಕಾಲುಗಳ ನಡುವೆಯೇ ಹರಿದಾಡುತ್ತವೆ. ಗಂಧಕದ ಘಾಟಿಗೆ ಗಂಟಲು ಕಟ್ಟುತ್ತದೆ. ಬಾಣ ಗುರಿ ತಪ್ಪುತ್ತಿತ್ತು ಎಂದು ಮೂಗು ಮುರಿಯುವವರು ಈ ತೋಪಿನಲ್ಲಿ ನಿಂತು ಮಾತಾಡಬೇಕು. ಯಾವುದು ಎತ್ತ ತಿರುಗೀತೆಂದು ತಿಳಿಯದಿರುವುದೇ ಎದುರಿನವನ ಜಂಘಾಬಲ ಉಡುಗಿಸುತ್ತದೆ. ಬೆಂಕಿಯ ಮಿಂಚಿನಲ್ಲಿ ಮುಖ ಕಂಡರೆ ಬಂದೂಕಿನವರು ಗುಂಡು ಹಾರಿಸುತ್ತಾರೆ.

ಸಾಲು ಒಡೆಯಿತು. 12 ಮಂದಿ ಸೆರೆ ಸಿಕ್ಕರು. ದೂರದಿಂದ ಬಂದು ಸೊರಗಿದ ಗುಂಡೊಂದು ಕರ್ನಲ್‌ನ ಮೊಣಕಾಲಿಗೆ ಬಡಿಯಿತು. ತನ್ನವರಿಂದ ಬೇರ್ಪಟ್ಟು, ದಾರಿ ಹುಡುಕುತ್ತ ಅವನು ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್‌ನ ಡೇರೆ ಮುಟ್ಟಿದಾಗ ನಡುರಾತ್ರಿ. ಹಗಲಲ್ಲಿ ನೋಡಿರದ ನೆಲೆಯ ಮೇಲೆ ರಾತ್ರಿ ಏರಿಹೋಗಕೂಡದು ಎಂದು ಅವನು ಆಮೇಲೆ ನಿಶ್ಚಯಿಸಿದ.

ಬೆಳಗಾಯಿತು. ಅವನು ಮತ್ತೆ ಬಂದ, ಈ ಸಲ ಫಿರಂಗಿಗಳ ಜೊತೆ. ಹಗಲಲ್ಲಿ ಕಾಲುವೆಗಳೂ ಕಾಣುತ್ತವೆ, ನೀವೂ ಕಾಣುತ್ತೀರಿ. ತೋಪು ಕೈತಪ್ಪಿತು. ಮೇ 4ರಂದು ಕೋಟೆಯೂ ಬಿತ್ತು, ಟಿಪ್ಪು ಕಾದಾಡುತ್ತಲೇ ಮಡಿದ. ಗೆದ್ದವರಿಗೆ ಸಿಕ್ಕ ಬಾಣಗಳಲ್ಲಿ ಕೆಲವು ಹಡಗು ಹತ್ತಿ ಇಂಗ್ಲೆಂಡಿನ ವುಲಿಚ್ ಆಯುಧಾಗಾರ ಸೇರಿದವು. ವಿಲಿಯಂ ಕಾಂಗ್ರೀವ್ ಅಲ್ಲಿ ತನ್ನ ರಾಕೆಟ್ಟುಗಳನ್ನು ಕಟ್ಟಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರದ ಮೇಲೆ ಸುರಿದವು.