ಹಳೆಯ ವ್ಯಾನಿನ ತಳ

ಹಳೆಯ ಮೋಟಾರು ಗಾಡಿಯನ್ನು ಕೊಳ್ಳತಕ್ಕ ಗೃಹಸ್ಥರು ಮೊದಲು ಎಂಜಿನಿನ ಶಬ್ದಕ್ಕೆ ಕಿವಿಗೊಡುತ್ತಾರೆ. ಅನಂತರ ಬಣ್ಣವನ್ನು ನೋಡುತ್ತಾರೆ. ಕಡೆಗೆ ಬೆಲೆಯಲ್ಲಿ ಚೌಕಾಸಿ ಮಾಡುತ್ತಾರೆ. ಬಗ್ಗಿ ತಳವನ್ನು ನೋಡುವವರು ವಿರಳ. ಗಾಡಿಯು ಇನ್ನೂ ರಸ್ತೆಗೆ ಯೋಗ್ಯವೋ ಅಲ್ಲವೋ ಎಂಬುದು ಬಹುಮಟ್ಟಿಗೆ ಆ ತಳದಲ್ಲಿಯೇ ನಿರ್ಣಯವಾಗುತ್ತದೆಂದು ನಮಗೆ ತಿಳಿದ ಬಗೆಯನ್ನು ವಾಚಕರ ಮುಂದಿಡುತ್ತೇವೆ.

ನಮ್ಮ ದೇಶದ 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ ಮೇರೆಗೆ, ಮನೆಬಳಕೆಯ ಗಾಡಿಯ ನೋಂದಣಿ 15 ವರ್ಷಗಳ ತನಕ ಊರ್ಜಿತದಲ್ಲಿರುತ್ತದೆ. ಆ ಬಳಿಕ ಗಾಡಿಯನ್ನು ತನಿಖೆಗೆ ಒಪ್ಪಿಸಿ, ಯೋಗ್ಯವೆಂದು ಕಂಡುಬಂದರೆ 5 ವರ್ಷಗಳ ಮಟ್ಟಿಗೆ ನವೀಕರಿಸಿಕೊಳ್ಳಬೇಕು. ಬಾಡಿಗೆಯ ಗಾಡಿಗಳಿಗಾದರೋ ಜನರು ‘ಎಫ್.ಸಿ.’ ಎಂದು ಕರೆಯುವ ಯೋಗ್ಯತಾಪತ್ರದ ಕಟ್ಟಳೆಯುಂಟು. ಬ್ರಿಟನ್ನಿನಲ್ಲಿ 1960ರಲ್ಲಿ ಇಂತಹ ತನಿಖೆ ಆರಂಭವಾದಾಗ ಹತ್ತು ವರ್ಷ ಕಳೆದ ಗಾಡಿಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1967ರಲ್ಲಿ ಆ ಅವಧಿಯನ್ನು ಮೂರು ವರ್ಷಕ್ಕೆ ಇಳಿಸಿದರು. ಮೂರು ವರ್ಷಕ್ಕೂ ಹದಿನೈದು ವರ್ಷಕ್ಕೂ ಇರುವ ಅಂತರ ಸಣ್ಣದಲ್ಲ. ಅಷ್ಟು ಕಾಲ ನಮ್ಮಲ್ಲಿ ಮನೆಯ ಯಜಮಾನನೇ ತನಿಖೆಯ ಅಧಿಕಾರಿಯೂ ಆಗಿರಬೇಕಾಗುತ್ತದೆ.

ನಾವು ಉಡುಪಿಯ ಕಡೆಯವರು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುತ್ತದೆ. ಸಮುದ್ರದ ಉಪ್ಪುಗಾಳಿಯೂ ಜೊತೆಗುಂಟು. ತಾಯಿಯವರನ್ನು ವಾರಕ್ಕೆರಡು ಸಲ ಡಯಾಲಿಸಿಸಿಗೆ ಕರೆದೊಯ್ಯಬೇಕಾಗಿದ್ದುದರಿಂದ, 2007ರ ಒಂದು ಚಿಕ್ಕ ವ್ಯಾನನ್ನು 2015ರಲ್ಲಿ ಕೊಂಡೆವು. ಪಕ್ಕಕ್ಕೆ ಸರಿಯುವ ಅಗಲವಾದ ಬಾಗಿಲಿನಿಂದ ಅವರನ್ನು ಹತ್ತಿಸುವುದೂ ಇಳಿಸುವುದೂ ಬಹಳ ಸುಲಭವಾಗಿತ್ತು. ಏಳು ವರ್ಷಗಳಲ್ಲಿ ಆ ವ್ಯಾನು ದಾರಿಯಲ್ಲಿ ನಿಂತದ್ದು ಎರಡೇ ಸಲ: ಒಮ್ಮೆ ಬ್ಯಾಟರಿಯಿಂದ, ಇನ್ನೊಮ್ಮೆ ನೀರಿನ ರಬ್ಬರು ಕೊಳವೆ ಒಡೆದು. ನಂಬಿಕೆಗೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವನ್ನು ಯಾರು ತಾನೇ ಕೇಳುತ್ತಾರೆ?

2022ರಲ್ಲಿ ಹದಿನೈದು ವರ್ಷ ತುಂಬಿತು. ಆ ವರ್ಷದ ಏಪ್ರಿಲ್ 1ರಿಂದ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಿದ್ದರು. ಅದನ್ನು ತೆತ್ತು ಗಾಡಿಯನ್ನು ಒಯ್ದೆವು. ಇನ್‌ಸ್ಪೆಕ್ಟರು ಸೌಮ್ಯವಾಗಿಯೇ ತಿರಸ್ಕರಿಸಿದರು. ಬ್ರೇಕು ಒತ್ತಿದರೆ ಗಾಡಿ ಎಡಕ್ಕೆ ಎಳೆಯುತ್ತದೆ. ಕೈಬ್ರೇಕು ಇಳುಕಲಿನಲ್ಲಿ ನಿಲ್ಲಿಸುವುದಿಲ್ಲ. ಬಲಗಡೆಯ ದೀಪದ ಬೆಳಕು ಎದುರು ಬರುವವರ ಕಣ್ಣಿಗೆ ಹೊಡೆಯುತ್ತದೆ. ಮೂರೂ ನಿಜವೆ. ಮೂರೂ ಅಗ್ಗದ ರಿಪೇರಿಗಳೆ. ಹಿಂದಿನ ಬಲಗಾಲಿಯ ವೀಲ್ ಸಿಲಿಂಡರು ಸೋರಿ ಲೈನರು ನೆಂದಿದ್ದರೆ ಆ ಗಾಲಿ ಹಿಡಿಯುವುದಿಲ್ಲ, ಎಡದ್ದು ಮಾತ್ರ ಹಿಡಿಯುತ್ತದೆ. ಗಾಡಿ ಎಡಕ್ಕೆ ಹೊರಳುವುದು ಆ ಕಾರಣದಿಂದ. ಕೈಬ್ರೇಕೂ ಅದೇ ಹಿಂದಿನ ಗಾಲಿಗಳಿಗೆ ಸಂಬಂಧಪಟ್ಟದ್ದಾದುದರಿಂದ ಒಂದೇ ಕೆಲಸದಲ್ಲಿ ಎರಡು ದೋಷಗಳೂ ಕಳೆಯುತ್ತವೆ.

ಈ ಕೆಲಸಕ್ಕೋಸ್ಕರ ಗ್ಯಾರೇಜಿನಲ್ಲಿ ಗಾಡಿಯನ್ನು ಮೇಲಕ್ಕೆತ್ತಿದಾಗಲೇ ಇನ್‌ಸ್ಪೆಕ್ಟರರ ಪಟ್ಟಿಯಲ್ಲಿಲ್ಲದ ನಾಲ್ಕನೆಯ ದೋಷ ಗೋಚರವಾಯಿತು. ಮೆಕ್ಯಾನಿಕನು ಸ್ಕ್ರೂಡ್ರೈವರಿನ ಹಿಡಿಯಿಂದ ತಳದ ತಗಡನ್ನು ಮೆಲ್ಲಗೆ ಬಡಿದನು. ಮುಂದೆಲ್ಲ ಟಣ್ ಎಂದಿತು. ಹಿಂದಿನ ಆಸನದ ಕೆಳಗೆ ಮಾತ್ರ ಮೆತ್ತನೆಯ ಸದ್ದು. ಇನ್ನೊಮ್ಮೆ ಬಡಿದಾಗ ಹಿಡಿಯು ತಗಡನ್ನು ಹಾದು ಒಳಗೇ ಹೋಯಿತು. ಹಿಂದಿನ ಮಾಲಿಕರು ನೆಲಕ್ಕೆ ಅಂಟಿಸಿದ್ದ ರೆಕ್ಸಿನ್ ಹಾಸಿನ ಅಡಿಯಲ್ಲಿ ಎಷ್ಟೋ ಮಳೆಗಾಲಗಳ ನೀರು ಕುಳಿತಿತ್ತು. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಗೆ ಬೇರೆ ಉದಾಹರಣೆ ಬೇಕಿರಲಿಲ್ಲ.

“ಟಿಂಕರಿಂಗಿನವರು ತಗಡು ಹೊದೆಸಿ ಕೊಡುತ್ತಾರೆ ಮಾರಾಯ್ರೆ. ಆದರೆ ಹೊಸ ತಗಡನ್ನು ಬೆಸೆಯಲಿಕ್ಕೆ ಸುತ್ತ ಗಟ್ಟಿ ಕಬ್ಬಿಣ ಬೇಕಲ್ಲ?” ಎಂದನು.

ಇದರಲ್ಲಿ ತಿಳಿಯತಕ್ಕ ಅಂಶವೊಂದಿದೆ. ಲಾರಿಗೆ ಬೇರೆಯಾದ ಚಾಸಿ ಇರುತ್ತದೆ. ಭಾರವನ್ನು ಹೊರುವುದು ಅದು. ಇಂತಹ ಚಿಕ್ಕ ವ್ಯಾನಿಗೆ ಬೇರೆ ಚಾಸಿ ಇಲ್ಲ. ಮಡಿಸಿ ಬೆಸೆದ ತಗಡುಗಳೇ ಅದರ ಎಲುಬು. ಆಸನ, ಆಸನದ ಪಟ್ಟಿ, ಹಿಂದಿನ ಪ್ಲೇಟುಗಳು, ಎಲ್ಲವನ್ನೂ ಬಿಗಿದಿರುವುದು ಅದಕ್ಕೇ. ಆದುದರಿಂದಲೇ ಬ್ರಿಟನ್ನಿನ ತನಿಖೆಯಲ್ಲಿ ಬ್ರೇಕು, ಸ್ಟೀರಿಂಗು, ಆಸನದ ಪಟ್ಟಿ ಮುಂತಾದವನ್ನು ಬಿಗಿದ ಸ್ಥಳದಿಂದ 30 ಸೆಂಟಿಮೀಟರಿನ ಒಳಗೆ ತುಕ್ಕು ತಗಡನ್ನು ತಿಂದು ಬಲಗುಂದಿಸಿದ್ದರೆ ಗಾಡಿಯನ್ನು ತೇರ್ಗಡೆ ಮಾಡುವುದಿಲ್ಲ. ನಮ್ಮ ವ್ಯಾನಿನಲ್ಲಿ ತೂತು ಬಿದ್ದದ್ದು ಆಸನದ ಬೋಲ್ಟಿನಿಂದ ಒಂದು ಗೇಣಿನೊಳಗೆ.

ಅಷ್ಟರಲ್ಲಿ ಒಬ್ಬ ಗಿರಾಕಿ ಬಂದನು. ತಾನೇ ತಗಡು ಹೊದೆಸಿ, ಬಣ್ಣ ಬಳಿಸಿ, ಶಾಲೆಯ ಮಕ್ಕಳನ್ನು ಸಾಗಿಸಲು ಇಟ್ಟುಕೊಳ್ಳುತ್ತೇನೆಂದು ಒಳ್ಳೆಯ ಬೆಲೆಯನ್ನೇ ಹೇಳಿದನು. ಆ ಹಣವಿದ್ದರೆ ಇನ್ನೊಂದು ಗಾಡಿಗೆ ಅರ್ಧ ಒದಗುತ್ತಿತ್ತು. ತಾಯಿಯವರ ಡಯಾಲಿಸಿಸಿಗೆ ಅಲ್ಲಿಯ ತನಕ ಬಾಡಿಗೆ ಆಟೋವೇ ಗತಿಯಾಗಿತ್ತು. ಮನೆಯಲ್ಲಿ ಎರಡು ರಾತ್ರಿ ಚರ್ಚೆ ನಡೆಯಿತು. ತಾಯಿಯವರು ಎಲ್ಲವನ್ನೂ ಕೇಳಿಸಿಕೊಂಡು, “ಮಕ್ಕಳನ್ನು ಕೂರಿಸುವುದು ಮುಂದೆಯೋ, ಹಿಂದೆಯೋ?” ಎಂದಷ್ಟೇ ವಿಚಾರಿಸಿದರು. ಹಿಂದೆ ಎಂದೆವು. ಚರ್ಚೆ ಅಲ್ಲಿಗೆ ಮುಗಿಯಿತು.

ಎಂಜಿನನ್ನು ಗ್ಯಾರೇಜಿನವನೇ ಕೊಂಡನು. ಉಳಿದದ್ದು ಗುಜರಿಗೆ ಹೋಯಿತು. ಗಾಡಿ ಇನ್ನು ಬಳಕೆಗೆ ಬಾರದೆಂದಾದರೆ 14 ದಿನಗಳೊಳಗೆ ಕಛೇರಿಗೆ ತಿಳಿಸಿ ನೋಂದಣಿಪತ್ರವನ್ನು ಹಿಂದಿರುಗಿಸಬೇಕೆಂಬ ನಿಯಮವಿದೆ. ಬಹಳ ಜನ ಇದನ್ನು ಮಾಡುವುದಿಲ್ಲ, ಮಾಡುವುದು ಕ್ಷೇಮಕರ.

ಮತ್ತೊಂದು ವ್ಯಾನನ್ನು ನೋಡಲು ಹೋದಾಗ ಮಾರುವವರು ಎಂಜಿನು ಚಾಲೂ ಮಾಡಿ ಕಾದಿದ್ದರು. ಎಂಜಿನನ್ನು ನಿಲ್ಲಿಸಿ ಆರಲು ಬಿಡಿರೆಂದು ನಾವೇ ಕೇಳಿಕೊಂಡೆವು. ತಣ್ಣಗಿರುವಾಗ ಚಾಲೂ ಮಾಡಿದರೆ ಹೊಗೆಯ ಬಣ್ಣ ಸುಳ್ಳು ಹೇಳುವುದಿಲ್ಲ, ನೀಲಿಯಾಗಿದ್ದರೆ ಎಣ್ಣೆ ಉರಿಯುತ್ತಿದೆಯೆಂದರ್ಥ. ಅದು ಆರುವಷ್ಟರಲ್ಲಿ ಟೈರಿನ ಪಕ್ಕದ ನಾಲ್ಕು ಅಂಕೆಗಳಿಂದ ಅದು ತಯಾರಾದ ವಾರವನ್ನೂ ವರ್ಷವನ್ನೂ ಓದಿದೆವು. ನೆಲದ ಹಾಸನ್ನು ನಾಲ್ಕು ಮೂಲೆಗಳಲ್ಲೂ ಎಬ್ಬಿಸಿ ನೋಡಿದೆವು. ಮಾಲಿಕರಿಗೆ ಇದು ಸ್ವಲ್ಪ ಅವಮಾನವೆನಿಸಿದಂತೆ ತೋರಿತು. ತಗಡು ಎಲ್ಲೆಡೆಯೂ ಟಣ್ ಎಂದಿತು. ಆ ವ್ಯಾನು 2014ರದು. ಸರಕಾರದ ತನಿಖೆ ಅದಕ್ಕೆ 2029ರಲ್ಲಿ. ನಮ್ಮ ಮನೆಯ ತನಿಖೆ ಮಾತ್ರ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ, ದೀಪಾವಳಿಯ ಮುಂಚೆ ನಡೆಯುತ್ತದೆ.