ಪದಗಳ ಎಣಿಕೆಯಿಂದ ಗುಣಾಕಾರದ ನಿಯಮಕ್ಕೆ

ಒಂದೇ ಅಂತರದ ಸೂಕ್ಷ್ಮ ಗೀರುಗಳುಳ್ಳ ಗ್ರೇಟಿಂಗ್ ಬೆಳಕನ್ನು ಯಾವ ದಿಕ್ಕುಗಳಿಗೆ ಒಡೆಯುತ್ತದೆಂದು ಹೇಳುವುದು ಸುಲಭ, ಒಂದೊಂದು ದಿಕ್ಕಿಗೆ ಎಷ್ಟು ಬೆಳಕು ಹೋಗುತ್ತದೆಂದು ಹೇಳುವುದು ಕಷ್ಟ; ಈ ಎರಡನೆಯ ಪ್ರಶ್ನೆಗೆ ಅಮೆರಿಕದ ಜಾರ್ಜಿಯಾ ಟೆಕ್‌ನ ಮೊಹರಮ್ ಮತ್ತು ಗೇಲಾರ್ಡ್ 1981ರಲ್ಲಿ ಪ್ರಕಟಿಸಿದ ಆರ್‌ಸಿಡಬ್ಲ್ಯುಎ ವಿಧಾನ ವಿನ್ಯಾಸಕಾರರ ನಿತ್ಯದ ಉಪಕರಣವಾಯಿತು. ವಸ್ತುವಿನ ಪರ್ಮಿಟಿವಿಟಿಯನ್ನೂ (ವಿದ್ಯುತ್ ಕ್ಷೇತ್ರಕ್ಕೆ ಅದು ಸ್ಪಂದಿಸುವ ಪ್ರಮಾಣವನ್ನೂ) ಬೆಳಕಿನ ಕ್ಷೇತ್ರವನ್ನೂ ಫೂರಿಯೆ ಶ್ರೇಣಿಗಳಾಗಿ, ಅಂದರೆ ಸೈನ್ ಅಲೆಗಳ ಮೊತ್ತವಾಗಿ ಬರೆದು, ಶ್ರೇಣಿಯನ್ನು ಎಲ್ಲೋ ಒಂದೆಡೆ ಕತ್ತರಿಸಿ, ಉಳಿದದ್ದನ್ನು ಮಾತೃಕೆಯ ಐಗನ್ ಮೌಲ್ಯಗಳ ಲೆಕ್ಕವಾಗಿ ಬಿಡಿಸುವುದು ಅದರ ಕ್ರಮ. ಪದಗಳನ್ನು ಹೆಚ್ಚಿಸುತ್ತ ಹೋದಂತೆ ಉತ್ತರ ಒಂದು ಬೆಲೆಯಲ್ಲಿ ನೆಲೆಗೊಳ್ಳುವುದೇ ಅಭಿಸರಣ.

1990ರ ದಶಕದ ಮೊದಲರ್ಧದಲ್ಲಿ ಈ ಲೆಕ್ಕ ಮಾಡುತ್ತಿದ್ದವರ ನೆನಪಿನಲ್ಲಿ ಉಳಿದಿರುವುದು ಲೋಹದ ಗ್ರೇಟಿಂಗ್‌ಗಳ ಹಟ. ಗಾಜಿಗೆ ಕೆಲವೇ ಪದಗಳು ಸಾಕಾಗುತ್ತಿದ್ದವು. ಚಿನ್ನ ಅಥವಾ ಅಲ್ಯೂಮಿನಿಯಂ ಮೇಲೆ, ಕಾಂತಕ್ಷೇತ್ರವು ಗೀರುಗಳಿಗೆ ಸಮಾಂತರವಾಗಿರುವ ಟಿಎಂ ಧ್ರುವೀಕರಣದ ಬೆಳಕು ಬಿದ್ದರೆ ಮಾತ್ರ ಪದಗಳ ಸಂಖ್ಯೆ ನೂರು ದಾಟಿದರೂ ದಕ್ಷತೆಯ ಅಂಕಿ ಓಲಾಡುತ್ತಲೇ ಇರುತ್ತಿತ್ತು. ಪದಗಳನ್ನು ಇಮ್ಮಡಿಸಿದರೆ ಲೆಕ್ಕದ ಸಮಯ ಎಂಟು ಪಟ್ಟಾಗುವ ಕಾರಣ, ಅಂದಿನ ಯಂತ್ರಗಳಲ್ಲಿ ಈ ದಾರಿ ಬೇಗನೆ ಮುಚ್ಚಿಹೋಗುತ್ತಿತ್ತು. ಆಳವಾದ ಗೀರುಗಳಲ್ಲಿ ಘಾತೀಯ ಪದಗಳು ಉಬ್ಬಿ ಲೆಕ್ಕವೇ ಕುಸಿಯುವ ಇನ್ನೊಂದು ತೊಂದರೆಯೂ ಇತ್ತಾದರೂ ಅದು ತಾನಾಗಿ ಕಣ್ಣಿಗೆ ಬೀಳುವಂಥದ್ದು, 1995ರ ಹೊತ್ತಿಗೆ ಮೊಹರಮ್ ಮತ್ತು ಸಂಗಡಿಗರಿಂದ ಪರಿಹಾರವನ್ನೂ ಕಂಡಿತು. ನಿಧಾನ ಅಭಿಸರಣ ಹಾಗೆ ಸದ್ದು ಮಾಡುವುದಿಲ್ಲ. ಬೆಳಕನ್ನು ಹೀರದ ವಸ್ತುಗಳಲ್ಲಿ ಪ್ರತಿಫಲನ ಮತ್ತು ಪ್ರಸರಣಗಳ ಮೊತ್ತ ಎಷ್ಟೇ ಕಡಿಮೆ ಪದಗಳಿಗೂ ಸರಿಯಾಗಿ ಒಂದೇ ಬರುವುದರಿಂದ, ಶಕ್ತಿ ಸಂರಕ್ಷಣೆಯನ್ನೇ ಪರೀಕ್ಷೆಯೆಂದು ನಂಬಿದವರು ತಪ್ಪು ಉತ್ತರವನ್ನು ನೆಮ್ಮದಿಯಿಂದ ಒಪ್ಪಿಕೊಳ್ಳುವ ಅಪಾಯವಿತ್ತು, ಇಂದಿಗೂ ಇದೆ.

ಗೀರುಗಳ ಚೂಪು ಗೋಡೆಗಳನ್ನು ಫೂರಿಯೆ ಶ್ರೇಣಿ ಹಿಡಿಯಲಾರದು ಎಂಬುದೇ ಕಾರಣವೆಂದು ಮೊದಲು ತೋರಿತ್ತು. 1996ರಲ್ಲಿ ಲಲಾನ್ ಮತ್ತು ಮಾರಿಸ್, ಅವರಿಂದ ಬೇರೆಯಾಗಿ ಗ್ರಾನೆ ಮತ್ತು ಗಿಜಾಲ್, ಸೂತ್ರದ ಒಂದೆಡೆ ಪರ್ಮಿಟಿವಿಟಿಯ ಮಾತೃಕೆಗೆ ಬದಲಾಗಿ ಅದರ ವ್ಯುತ್ಕ್ರಮದ ಮಾತೃಕೆಯನ್ನು ಕಟ್ಟಿ ಅದನ್ನು ವಿಲೋಮಗೊಳಿಸಿದಾಗ, ಹಟ ಹಿಡಿದಿದ್ದ ಅಂಕಿ ಕೆಲವೇ ಪದಗಳಲ್ಲಿ ನಿಂತಿತು. ಅನಂತ ಶ್ರೇಣಿಗಳಲ್ಲಿ ಎರಡೂ ಬರವಣಿಗೆ ಒಂದೇ. ಕತ್ತರಿಸಿದಾಗ ಮಾತ್ರ ಬೇರೆ. ಅದೇ ವರ್ಷ ಲಿಫೆಂಗ್ ಲಿ ಕೊಟ್ಟ ವಿವರಣೆಯ ತಿರುಳು ಹೀಗಿದೆ: ಗೋಡೆಗೆ ಲಂಬವಾದ ವಿದ್ಯುತ್ ಕ್ಷೇತ್ರವೂ ಪರ್ಮಿಟಿವಿಟಿಯೂ ಒಂದೇ ಜಾಗದಲ್ಲಿ ಜಿಗಿದರೂ ಅವುಗಳ ಗುಣಲಬ್ಧ ಜಿಗಿಯುವುದಿಲ್ಲ, ಆದ್ದರಿಂದ ಕತ್ತರಿಸಿದ ಶ್ರೇಣಿಗಳನ್ನು ಎಂದಿನಂತೆ ಗುಣಿಸಿದರೆ ಗೋಡೆಯ ಬಳಿ ದೋಷ ಉಳಿಯುತ್ತದೆ, ವಿಲೋಮ ನಿಯಮದಲ್ಲಿ ಉಳಿಯುವುದಿಲ್ಲ. ಆ ಬಳಿಕ ಉತ್ತರ ನಿಲ್ಲದಿದ್ದಾಗ ಕಸುಬಿನವರು ಎಷ್ಟು ಪದಗಳೆಂದು ಕೇಳುವ ಮುನ್ನ ಯಾವ ನಿಯಮವೆಂದು ಕೇಳತೊಡಗಿದರು.

ಎರಡು ದಿಕ್ಕಿನಲ್ಲೂ ಪುನರಾವರ್ತಿಸುವ ರಚನೆಗಳಲ್ಲಿ, ಪ್ರತಿ ದಿಕ್ಕಿಗೆ 41 ಪದಗಳೆಂದರೆ ಒಟ್ಟು 1681 ಆಗುವಲ್ಲಿ, ಈ ಪ್ರಶ್ನೆಯ ಬೆಲೆ ಇನ್ನೂ ಹೆಚ್ಚು. ದುಂಡು ರಂಧ್ರಗಳ ಅಂಚಿನಲ್ಲಿ ಲಂಬ ದಿಕ್ಕು ಬಿಂದುವಿನಿಂದ ಬಿಂದುವಿಗೆ ತಿರುಗುವುದರಿಂದ ಅದನ್ನೇ ಲೆಕ್ಕದೊಳಗೆ ತರುವ ವಿಧಾನಗಳು 2000ದ ನಂತರ ಬಂದವು; ಸ್ಟ್ಯಾನ್‌ಫರ್ಡ್‌ನಲ್ಲಿ ರೂಪುಗೊಂಡ ಎಸ್4ನಂಥ ಮುಕ್ತ ತಂತ್ರಾಂಶದಲ್ಲಿ ಈಗ ಅವು ಆಯ್ಕೆಗಳಾಗಿ ದೊರೆಯುತ್ತವೆ, ಬಳಸುವವರಿಗೆ ಅವುಗಳ ಹಿಂದಿನ ಜಗಳ ಗೊತ್ತಿರಬೇಕಾಗಿಲ್ಲ. ಆದರೆ ನಷ್ಟವಿಲ್ಲದ ಆದರ್ಶ ಲೋಹದ ಲಂಬಕೋನದ ಅಂಚಿನಲ್ಲಿ, ಎರಡು ವಸ್ತುಗಳ ಪರ್ಮಿಟಿವಿಟಿಗಳ ಅನುಪಾತ −3 ಮತ್ತು −1/3ರ ನಡುವೆ ಬಿದ್ದರೆ, ಕ್ಷೇತ್ರವೇ ಅಂಚಿನತ್ತ ಅನಂತವಾಗಿ ಆಂದೋಲಿಸುತ್ತದೆಂದೂ ಅಲ್ಲಿ ಯಾವ ನಿಯಮದಿಂದಲೂ ಅಭಿಸರಣ ಸಿಗದೆಂದೂ ಲಿ ಮತ್ತು ಗ್ರಾನೆ 2011ರಲ್ಲಿ ತೋರಿಸಿದರು; ಅಂಥ ಕಡೆ ಮಾಡಬಹುದಾದದ್ದು ಲೋಹಕ್ಕೆ ಅದರ ನಿಜವಾದ ನಷ್ಟವನ್ನು ಮರಳಿಸುವುದು, ಇಲ್ಲವೇ ಮೂಲೆಯನ್ನು ತುಸು ದುಂಡಾಗಿಸುವುದು.