ಡಬ್ಬಿಯೊಳಗಿನ ಕಣ

ಯುಗಾದಿ ಮುಗಿದು ಮೂರು ದಿನ ಆಗಿತ್ತು. ಕೊಪ್ಪಳದಲ್ಲಿ ಅಕ್ಕನ ಮನೆಯ ಪಡಸಾಲೆಯಲ್ಲಿ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ, ಊದಿನಕಡ್ಡಿ ಹಚ್ಚಿ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದೆ. ಎದುರಿಗೆ ಇದ್ದದ್ದು ಅಳಿಯನ ಕಂಪ್ಯೂಟರು.

ಗಾಜಿನ ಬಾಗಿಲಿನ ಕ್ಯಾಬಿನೆಟ್ಟು ಅದು. ಒಳಗೆ ಮೂರು ಫ್ಯಾನು, ಮೂರಕ್ಕೂ ಬಣ್ಣ ಬದಲಿಸುವ ದೀಪ. ಗವಿಮಠದ ಜಾತ್ರೆಯಲ್ಲಿ ರಾತ್ರಿ ತಿರುಗುವ ತೊಟ್ಟಿಲನ್ನು ತಂದು ಡಬ್ಬಿಯಲ್ಲಿ ಕೂಡಿಹಾಕಿದ ಹಾಗೆ ಕಾಣುತ್ತದೆ. ಇಷ್ಟೆಲ್ಲ ಇದ್ದೂ ಆಟ ಅರ್ಧಕ್ಕೆ ಬರುತ್ತಲೇ ತೊದಲುತ್ತಿತ್ತು, ಆಮೇಲೆ ಪಟ್ಟನೆ ಆರುತ್ತಿತ್ತು. ನಾಲ್ಕನೇ ಫ್ಯಾನು ಬೇಕೇ ಬೇಕು ಎಂದು ಅಳಿಯ ತೀರ್ಮಾನ ಮಾಡಿದ್ದ. ರೊಕ್ಕ ಕೊಡಬೇಕಾದವಳು ಅಕ್ಕ, ಹಾಗಾಗಿ ಪಂಚಾಯ್ತಿಗೆ ನನ್ನನ್ನು ಕರೆಸಿದ್ದರು.

"ಮೂರೂ ಛಲೋ ತಿರಗಾಕತ್ತಾವು ಮಾಮಾ. ಇನ್ನೇನ್ ನೋಡ್ತಿ?"

ಕಡ್ಡಿಯನ್ನು ಹಿಂದಿನ ಫ್ಯಾನಿನ ಹತ್ತಿರ ಒಯ್ದೆ. ಹೊಗೆ ಗೋಡೆಯ ಕಡೆ ಓಡಿತು. ಮೇಲಿನದಕ್ಕೆ ಹಿಡಿದೆ, ಮಾಡು ನೋಡಿತು. ಇಲ್ಲಿಯವರೆಗೆ ಸರಿ. ಮುಂದಿನ ಜಾಲರಿಗೆ ಹಿಡಿದೆ. ಒಳಗೆ ಹೋಗಬೇಕಾದ ಹೊಗೆ ತಿರುಗಿ ನನ್ನ ಮೂಗಿಗೇ ಬಂತು.

"ಮೂರೂ ಹೊರಗ ದಬ್ಬಾಕತ್ತಾವಲ್ಲೋ. ಒಳಗ ಬರೋದು ಎಲ್ಲಿಂದ? ಹಚ್ಚೂಮುಂದ ಇದು ಯಾ ಕಡಿಗಿ ತೂರತೈತಿ ಅಂತ ನೋಡಿದ್ದೇನು?"

ದೀಪಾವಳಿಗೆ ಧೂಳು ಹೊಡೆಯಲು ಬಿಚ್ಚಿದ್ದನಂತೆ, ತಿರುಗಿ ಕೂಡಿಸುವಾಗ ಮುಖ ಮಗುಚಿದೆ. ತಪ್ಪು ಅವನಿಗೆ ತಿಳಿಯಿತು. 'ತೂರತೈತಿ' ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ, ಅದು ನನ್ನ ಮಾತೂ ಅಲ್ಲ. ಅಮ್ಮನದು.

ಅವ್ವನ ಅವ್ವಗೆ ನಾವು ಅಮ್ಮ ಅನ್ನುತ್ತಿದ್ದೆವು. ಊರು ಕುಷ್ಟಗಿ ತಾಲೂಕಿನ ಎರಿಹೊಲದ ಊರು. ಸಜ್ಜೆ, ಬಿಳಿಜೋಳ, ಶೇಂಗಾ, ಮಳೆ ಬಂದರೆ ಬಂತು. ನನಗೆ ಕೆಲಸ ಸಿಕ್ಕಿದ್ದು ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ, ಲೆಕ್ಕ ಬರೆಯುವುದು. ಎರಡು ಊರಿನ ನಡುವೆ ಬಸ್ಸಿನಲ್ಲಿ ಎರಡು ತಾಸು, ಅಷ್ಟೇ. ಆದರೆ 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಲ್ಲಿ ನೀರು ನಿಂತು ಎಡದಂಡೆ ಕಾಲುವೆ ಹರಿದ ಮೇಲೆ ಅವೆರಡೂ ಬೇರೆ ಬೇರೆ ದೇಶಗಳಾದವು. ಅಮ್ಮನ ಬಾಯಲ್ಲಿ ಗಂಗಾವತಿ "ನೀರಾಗಿನ ಊರು".

2003ರಲ್ಲಿ ಮಿಲ್ಲಿಗೆ ಕಂಪ್ಯೂಟರು ಬಂತು. ಸಾವ್ಕಾರ್ರು ಅದಕ್ಕೊಂದು ಕೋಣೆ ಕೊಟ್ಟು, ಚಪ್ಪಲಿ ಹೊರಗೆ ಬಿಡಬೇಕೆಂದು ಕಟ್ಟಪ್ಪಣೆ ಮಾಡಿದರು. ಧೂಳು ಬರಬಾರದಲ್ಲ! ಕೋಣೆಯ ಹಿಂಗೋಡೆಯ ಆಚೆಗೇ ಮಿಲ್ಲು. ಅಲ್ಲಿ ಆಳೆತ್ತರದ ಬ್ಲೋವರೊಂದು ಹಗಲೂ ರಾತ್ರಿ ಅಕ್ಕಿಯಿಂದ ಹೊಟ್ಟನ್ನು ಎಳೆದು ಕೊಳವೆಯಲ್ಲಿ ಹಿತ್ತಲಿಗೆ ಉಗುಳುತ್ತಿತ್ತು. ಗೋಡೆಯ ಈಚೆ ಅಂಗೈಯಗಲದ ಇನ್ನೊಂದು ಫ್ಯಾನು, ಕಿಟಕಿಯ ಸಂದಿಯಿಂದ ಬಂದ ಅದೇ ಹೊಟ್ಟಿನ ಪುಡಿಯನ್ನೂ ತೌಡನ್ನೂ ಬಹಳ ಶ್ರದ್ಧೆಯಿಂದ ಡಬ್ಬಿಯೊಳಗೆ ಎಳೆದುಕೊಳ್ಳುತ್ತಿತ್ತು. ಡಬ್ಬಿಗೆ ನಾವೆಲ್ಲ 'ಸಿಪಿಯು' ಅನ್ನುತ್ತಿದ್ದೆವು. ಅದು ತಪ್ಪಂತೆ. ಇರಲಿ, ಊರೆಲ್ಲ ಕರೆದ ಹೆಸರೇ ಹೆಸರು.

ಮೊದಲ ಮಾರ್ಚಿಗೇ, ವರ್ಷದ ಲೆಕ್ಕ ಮುಗಿಸುವ ಹೊತ್ತಿಗೆ ಸರಿಯಾಗಿ, ಅದು ಕಾಲೆಳೆಯತೊಡಗಿತು. ಬೆಳಿಗ್ಗೆ ಚುರುಕು, ಹನ್ನೆರಡರ ಮೇಲೆ ಒಂದು ಬಿಲ್ಲು ತೆರೆಯಲು ಒಂದು ಚಹಾ ಕುಡಿಯುವಷ್ಟು ಹೊತ್ತು. ವೈರಸ್ ಎಂದರು ಎಲ್ಲರೂ. ಆ ಕಾಲದಲ್ಲಿ ಕಂಪ್ಯೂಟರಿಗೆ ಬರುತ್ತಿದ್ದದ್ದು ಒಂದೇ ರೋಗ. ನಿಜವಾಗಿ ಆಗಿದ್ದೇನೆಂದರೆ, 2000ದಲ್ಲಿ ಬಂದ ಪೆಂಟಿಯಂ 4ಕ್ಕೆ ಇಂಟೆಲ್‌ನವರು ಒಂದು ಬುದ್ಧಿ ಕಲಿಸಿದ್ದರು: ಮೈ ವಿಪರೀತ ಕಾದರೆ ಸುಟ್ಟುಹೋಗುವ ಬದಲು ತಾನಾಗಿ ನಿಧಾನ ಆಗುವುದು. ಬಿಸಿಲೇರಿದ ಮೇಲೆ ಎತ್ತು ಸಾಲಿನಲ್ಲಿ ನಿಂತು ನಿಂತು ನಡೆಯುವುದಿಲ್ಲವೇ, ಹಾಗೆ. ನಾವು ಅದರ ಹೊಟ್ಟೆಗೆ ಔಷಧದ ಸಿಡಿ ಹಾಕುತ್ತಿದ್ದೆವು.

ಕೊನೆಗೆ ರಿಪೇರಿ ಹುಡುಗ ಬಂದು ಬಿಚ್ಚಿದ. ಪ್ರೊಸೆಸರಿನ ಮೇಲೆ ಕೂತ ಅಲ್ಯೂಮಿನಿಯಮ್ಮಿನ ಹಲ್ಲುಗಳ ಸಂದಿಯಲ್ಲಿ ತೌಡು ಒತ್ತಿ ಒತ್ತಿ ಕಂಬಳಿಯಾಗಿತ್ತು. ಉಗುರು ಹಾಕಿ ಎತ್ತಿದರೆ ಇಡಿಯಾಗಿ ಎದ್ದು ಬಂತು, ಮಡಿಚಿ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಅದರ ಕೆಳಗೆ ಬಿಸಿ ದಾಟಿಸಲೆಂದು ಹಚ್ಚಿದ್ದ ಬಿಳಿ ಲೇಪ ಒಣಗಿ ವಿಭೂತಿಯಂತೆ ಉದುರಿತು. ಫ್ಯಾನಿನ ಎಲೆಗೆ ಒಂದೇ ಒಂದು ಭತ್ತದ ಕಾಳು ಸಿಕ್ಕಿಕೊಂಡಿತ್ತು. ಎಂಟು ದಿನದಿಂದ ಟಿಕ್ ಟಿಕ್ ಅನ್ನುತ್ತಿದ್ದದ್ದು ಅದು. ಹಾರ್ಡ್ ಡಿಸ್ಕೇ ಹೋಯಿತೆಂದು ನಾನು ಎರಡು ರಾತ್ರಿ ನಿದ್ದೆ ಬಿಟ್ಟಿದ್ದೆ.

ಅವನು ಊದಿ, ಒರೆಸಿ, ಹೊಸ ಲೇಪ ಹಚ್ಚಿ ಹೋದ. ಹದಿನೈದು ದಿನಕ್ಕೆ ಮತ್ತದೇ. ಆಗ ನಾವು ಈ ಭಾಗದ ಸಕಲ ಕಂಪ್ಯೂಟರುಗಳಿಗೂ ಮಾಡುವ ಚಿಕಿತ್ಸೆ ಮಾಡಿದೆವು: ಪಕ್ಕದ ತಗಡು ಬಿಚ್ಚಿ ಗೋಡೆಗೆ ಒರಗಿಸಿ, ಮಗ್ಗುಲಿಗೆ ಟೇಬಲ್ ಫ್ಯಾನ್ ಹಚ್ಚುವುದು. ಮೊದಲು ತಂಪಾಗುತ್ತದೆ, ಸುಳ್ಳು ಹೇಳಬಾರದು. ಆದರೆ ತಡೆಯಿಲ್ಲದೆ ನುಗ್ಗುವ ಧೂಳು ಆ ತಂಪನ್ನು ವಾರದಲ್ಲಿ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಅಷ್ಟರ ಮೇಲೂ ನಿಂತರೆ ಸಾವ್ಕಾರ್ರು ಬಂದು ಡಬ್ಬಿಯ ನೆತ್ತಿಗೆ ಎರಡು ಬಡಿಯುತ್ತಿದ್ದರು. ನಾವು ಒಳಗೊಳಗೇ ನಗುತ್ತಿದ್ದೆವು. ನಗಬಾರದಿತ್ತು ಎಂದು ಆಮೇಲೆ ಗೊತ್ತಾಯಿತು. 1980ರಲ್ಲಿ ಆಪಲ್ ಕಂಪನಿ ಆಪಲ್ 3 ಎಂಬ ಯಂತ್ರ ಬಿಟ್ಟಾಗ, ಫ್ಯಾನಿನ ಸದ್ದು ಸೇರದ ಸ್ಟೀವ್ ಜಾಬ್ಸ್ ಅದಕ್ಕೆ ಫ್ಯಾನೇ ಬೇಡವೆಂದಿದ್ದ. ಯಂತ್ರ ಕಾದು ಚಿಪ್ಪುಗಳು ಕೂತಲ್ಲಿಂದ ಏಳುತ್ತಿದ್ದವು. ಎರಡು ಮೂರು ಇಂಚು ಎತ್ತಿ ಮೇಜಿನ ಮೇಲೆ ಕುಕ್ಕಿರಿ, ಕೂರುತ್ತವೆ ಎಂದು ಗಿರಾಕಿಗಳಿಗೆ ಕಂಪನಿಯವರೇ ಹೇಳಿದ್ದರಂತೆ. ನಮ್ಮ ಸಾವ್ಕಾರ್ರಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ.

2004ರ ಬೇಸಿಗೆಯಲ್ಲಿ ಅಮ್ಮ ಕಣ್ಣಿನ ಪೊರೆ ತೆಗೆಸಲು ಗಂಗಾವತಿಗೆ ಬಂದಳು. ದವಾಖಾನೆಗೆ ಹೊತ್ತಿತ್ತು, ಮಿಲ್ಲಿಗೆ ಕರೆದೊಯ್ದೆ. ಯಾರೂ ಹೇಳದಿದ್ದರೂ ಕೋಣೆಯ ಹೊರಗೆ ಚಪ್ಪಲಿ ಬಿಟ್ಟಳು. ನಾನು ಬೆರಗಾದೆ. "ರಾಶಿ ಐತಂತಲ್ಲ ಒಳಗ. ಕಾಲಾಗಿಂದು ಬಿಟ್ಟ ಬರಬೇಕು" ಅಂದಳು. ಕಣದ ನೇಮ ಅದು. ಮಿಲ್ಲಿನ ಲೆಕ್ಕವೆಲ್ಲ ಆ ಡಬ್ಬಿಯಲ್ಲಿದೆ ಎಂದು ಬಸ್ಸಿನಿಂದ ಇಳಿಯುವಾಗ ನಾನೇ ಜಂಬ ಕೊಚ್ಚಿದ್ದೆ.

ಕಣ್ಣು ಮಸುಕು. ಹಾಗಾಗಿ ಡಬ್ಬಿಯನ್ನು ಕೈಯಲ್ಲಿ ನೋಡಿದಳು: ಒಂದು ಅಂಗೈ ಮುಂದೆ, ಒಂದು ಹಿಂದೆ, ಕೂಸಿನ ಜ್ವರ ನೋಡಿದಂತೆ. ಅದರ ಗಾಳಿ ಮುಂದಿನಿಂದ ಹಿಂದಕ್ಕೆ ಹೋಗಲು ನೋಡುತ್ತಿತ್ತು, ಟೇಬಲ್ ಫ್ಯಾನು ಅಡ್ಡ ಹೊಡೆಯುತ್ತಿತ್ತು. "ಅಡ್ಡಗಾಳಿ ಆಗೇತಲ್ಲೋ. ಇದು ಯಾ ಕಡಿಗಿ ತೂರತೈತಿ?" ಹಿಂದಿನ ಬದಿಯಲ್ಲಿ ಬೆರಳಾಡಿಸಿ, "ತೂತ ಭಾಳ ಅದಾವು. ಸಗಣಿ ಬಳೀರಿ" ಅಂದಳು. ಸಾವ್ಕಾರ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳು ಹೇಳಿದ್ದು ಮರದ ಲೆಕ್ಕದಲ್ಲಿ. ನಮ್ಮ ಕಡೆ ಗಿಡಕ್ಕೆ ಗಿಡ ಅನ್ನುತ್ತೇವೆ, ಎಷ್ಟೇ ದೊಡ್ಡದಿರಲಿ. ಮರ ಅಂದರೆ ಕೇರುವ ಮರ, ಮೈಸೂರ ಕಡೆಯವರ ಮೊರ. ಮೇದಾರರ ಹತ್ತಿರ ಹೊಸ ಮರ ತಂದರೆ ಹಾಗೇ ಬಳಸುವಂತಿಲ್ಲ. ಬಿದಿರಿನ ಹೆಣಿಗೆಯ ಸಂದಿಯೆಲ್ಲ ಮುಚ್ಚುವಂತೆ ಸಗಣಿಯನ್ನೋ, ಮೆಂತ್ಯೆ ಕಾಗದ ಕೂಡಿಸಿ ರುಬ್ಬಿದ ಹಿಟ್ಟನ್ನೋ ಬಳಿದು ಒಣಗಿಸಬೇಕು. ಆಮೇಲೆಯೇ ಅದು ಗಾಳಿ ಹಿಡಿಯುವುದು.

ಎಷ್ಟೋ ವರ್ಷದ ಮೇಲೆ ಏನನ್ನೋ ಹುಡುಕುತ್ತ ನಿಘಂಟು ತೆರೆದವನು 'ಫ್ಯಾನ್' ಎಂಬಲ್ಲಿ ನಿಂತುಬಿಟ್ಟೆ. ಆ ಪದದ ಬೇರು ಲ್ಯಾಟಿನ್ನಿನ ವನ್ನುಸ್. ವನ್ನುಸ್ ಅಂದರೆ ಮರ! ನಮ್ಮ ಮರವೇ, ಕೇರುವುದು. ಇಂಗ್ಲಿಷಿನವರೂ ಮೊದಲು ಫ್ಯಾನ್ ಅಂದದ್ದು ಅದಕ್ಕೇ. ಬೀಸಣಿಗೆ ಆಮೇಲಿನದು, ಮಾಡಿಗೆ ಜೋತುಬಿದ್ದು ತಿರುಗುವುದಂತೂ ತೀರಾ ನಿನ್ನೆ ಮೊನ್ನೆಯದು. ಹಳೆಯ ಗ್ರೀಕರು ಕೂಸುಗಳನ್ನು ಮರದಲ್ಲಿ ಮಲಗಿಸುತ್ತಿದ್ದರಂತೆ. ನನ್ನನ್ನೂ ಮಲಗಿಸಿದ್ದರು, ಕೆಳಗೆ ಜೋಳ ಹಾಸಿ. ಆ ಸಂಜೆ ನಿಘಂಟು ಮುಚ್ಚಿದ ಮೇಲೆ ತಲೆಯ ಮೇಲೆ ತಿರುಗುತ್ತಿದ್ದ ಉಷಾ ಫ್ಯಾನನ್ನು ಬಹಳ ಹೊತ್ತು, ಹಳೆ ನೆಂಟರನ್ನು ನೋಡಿದಂತೆ ನೋಡಿದೆ.

ಹಿಡಿಕೆ ತಿರುವಿ ಗಾಳಿ ಎಬ್ಬಿಸಿ ಕಾಳು ಹಸನು ಮಾಡುವ ಪೆಟ್ಟಿಗೆಯನ್ನು ಮೊದಲು ಮಾಡಿದವರು ಚೀನದವರು. ಎರಡು ಸಾವಿರ ವರ್ಷದ ಹಿಂದಿನ ಹಾನ್ ಕಾಲದ ಗೋರಿಗಳಲ್ಲಿ ಅದರ ಮಣ್ಣಿನ ಆಟಿಕೆಗಳು ಸಿಕ್ಕಿವೆ. 1313ರಲ್ಲಿ ವಾಂಗ್ ಝೆನ್ ಬರೆದ ಬೇಸಾಯದ ಪುಸ್ತಕದಲ್ಲಿ ಚಿತ್ರವೇ ಇದೆ. ಮುಚ್ಚಿದ ಡಬ್ಬಿ, ಒಳಗೆ ತಿರುಗುವ ರೆಕ್ಕೆ, ಗಾಳಿ ಬರಲು ಒಂದು ಬಾಯಿ, ಹೋಗಲು ಒಂದು ಬಾಯಿ. ಬಣ್ಣದ ದೀಪ ಒಂದಿಲ್ಲ, ಅಷ್ಟೆ. ಯುರೋಪಿಗೆ ಅದು ಮುಟ್ಟಿದ್ದು ಬಹಳ ತಡವಾಗಿ. ಸ್ಕಾಟ್ಲೆಂಡಿಗೆ 1710ರ ಸುಮಾರಿಗೆ ಜೇಮ್ಸ್ ಮೀಕಲ್ ಎಂಬ ಬಡಿಗ ಹಾಲೆಂಡಿನಿಂದ ಕಲಿತು ತಂದ. ತಂದದ್ದೇ ತಡ, ದೈವಭಕ್ತರು ಸಿಟ್ಟಾದರು. ವಾಲ್ಟರ್ ಸ್ಕಾಟ್ 1816ರಲ್ಲಿ ಬರೆದ 'ಓಲ್ಡ್ ಮಾರ್ಟಾಲಿಟಿ'ಯಲ್ಲಿ ಮಾಸ್ ಹೆಡ್‌ರಿಗ್ ಎಂಬ ಮುದುಕಿ ಇದ್ದಾಳೆ. ದೇವರು ಕೊಡುವ ಗಾಳಿಗೆ ಕಾಯದೆ ತಮಗೆ ಬೇಕೆಂದಾಗ ತಾವೇ ಗಾಳಿ ಮಾಡಿಕೊಳ್ಳುವುದು ಅಧರ್ಮ, ಮಗ ಆ ಯಂತ್ರ ಮುಟ್ಟುವುದಿಲ್ಲ ಎಂದು ಒಡತಿಯ ಎದುರಿಗೇ ಹಟ ಹಿಡಿದು ಇದ್ದ ಆಸರೆ ಕಳೆದುಕೊಳ್ಳುತ್ತಾಳೆ. ಕಥೆ ನಡೆಯುವುದು 1679ರಲ್ಲಿ, ಯಂತ್ರ ಬಂದದ್ದು ಅದಾಗಿ ಮೂವತ್ತು ವರ್ಷಕ್ಕೆ. ಸ್ಕಾಟ್ ಸಾಹೇಬರ ಲೆಕ್ಕ ತಪ್ಪಿದೆ. ತಪ್ಪಲಿ ಬಿಡಿ, ಮುದುಕಿ ಮಾತ್ರ ನನಗೆ ಚೆನ್ನಾಗಿ ಗೊತ್ತು.

ಅವಳು ಕುಷ್ಟಗಿ ತಾಲೂಕಿನವಳು. ಕಣದಲ್ಲಿ ಹಂತಿ ಕಟ್ಟಿ ತುಳಿಸಿ, ರಾಶಿ ಒಟ್ಟಿ, ಸೆರಗು ಸುತ್ತಿಕೊಂಡು ಕೂತಿರುತ್ತಿದ್ದಳು. ಮೂಡಗಾಳಿ ಬರಬೇಕು. ಕೆಲವು ಸಲ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದು ರವದಿ ಅಲುಗುತ್ತಿರಲಿಲ್ಲ. ನಾವು ಹುಡುಗರು ಒದ್ದಾಡುತ್ತಿದ್ದೆವು. "ಬರತೈತಿ. ಅದಕ್ಕೇನ್ ನಮ್ದೊಂದ ಕಣನ?" ಅನ್ನುತ್ತಿದ್ದಳು. ಬಂತೆಂದರೆ ಎದ್ದು, ಗಾಳಿಗೆ ಮಗ್ಗುಲಾಗಿ ನಿಂತು ಮರ ಎತ್ತುತ್ತಿದ್ದಳು. ಎದುರಿಗೆ ನಿಂತರೆ ಹೊಟ್ಟು ಕಣ್ಣಿಗೆ, ಬೆನ್ನು ಕೊಟ್ಟರೆ ಗಾಳಿಗೆ ತಡೆ. ಮಗ್ಗುಲೇ ಸರಿ. ಕಾಳು ಕಾಲಡಿಗೆ ನೆಟ್ಟಗೆ ಬೀಳುತ್ತಿತ್ತು, ಹೊಟ್ಟು ಎರಡು ಮಾರು ಆಚೆಗೆ. ಈಗ ಯಲಬುರ್ಗಾ ಕುಷ್ಟಗಿ ಸೀಮೆಯ ಹೊಲಗಳಲ್ಲಿ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ದೊಡ್ಡ ಕಂಬಗಳು ನಿಂತಿವೆ. ನಮ್ಮ ಜನ ಅವಕ್ಕೂ ಫ್ಯಾನು ಅನ್ನುತ್ತಾರೆ. ಮೋಡ ಓಡಿಸುವುದೇ ಅವು ಎಂದು ನಮ್ಮೂರ ಕಟ್ಟೆಯ ಮೇಲೆ ಈಗಲೂ ವಾದ ನಡೆಯುತ್ತದೆ. ಮಾಸ್ ಹೆಡ್‌ರಿಗ್ ಅಲ್ಲಿ ಬಂದು ಕೂತರೆ ಜಾಗ ಬಿಡುತ್ತಾರೆ.

ಅಮ್ಮ ಊರಿಗೆ ಹೋದ ಮೇಲೆ ಒಂದು ರವಿವಾರ, ಯಾರೂ ಇಲ್ಲದಾಗ, ಡಬ್ಬಿಯ ಬೆನ್ನು ನೋಡಿದೆ. ಕಾರ್ಡು ಕೂಡಿಸುವ ಸೀಳುಗಳಲ್ಲಿ ನಾಲ್ಕಕ್ಕೆ ತಗಡಿನ ಪಟ್ಟಿಯೇ ಇರಲಿಲ್ಲ. ಹಿಂದಿನ ಫ್ಯಾನು ಹೊರದಬ್ಬಿದ ಬಿಸಿಗಾಳಿ ಒಂದು ಗೇಣು ಕೆಳಗಿನ ಆ ಸೀಳುಗಳಿಂದ ಮತ್ತೆ ಒಳಗೆ ಬಂದು, ಮತ್ತೆ ಅದೇ ಫ್ಯಾನಿಗೆ ಸಿಕ್ಕಿ ಹೊರಗೆ ಹೋಗುತ್ತಿತ್ತು. ಹತ್ತಿರದ ದಾರಿ ಇರುವಾಗ ಗಾಳಿ ಮುಂದಿನ ಬಾಗಿಲಿನವರೆಗೆ ಯಾಕೆ ಹೋದೀತು? ಸಗಣಿ ತರಲು ಧೈರ್ಯ ಸಾಲಲಿಲ್ಲ. ಮೇಜಿನ ಮೇಲೊಂದು ದಪ್ಪನೆಯ ಲಗ್ನಪತ್ರಿಕೆ ಇತ್ತು. ವಧುವಿನ ಕಡೆಯವರ ಹೆಸರಿರುವ ಪುಟ ಕತ್ತರಿಸಿ ನಾಲ್ಕೂ ಸೀಳು ಮುಚ್ಚಿದೆ. ಪಕ್ಕದ ತಗಡು ಹಾಕಿ ತಿರುಪು ಬಿಗಿದೆ, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡೆ. ಮುಂದಿನ ಬಾಯಿಗೆ ಅಮ್ಮನ ಹಳೆ ಸೀರೆಯ ತುಂಡು ಕಟ್ಟಿದೆ, ಅದಕ್ಕೆ ಉಸಿರೇ ಬರಲಿಲ್ಲ. ಬಿಚ್ಚಿ ಸೊಳ್ಳೆ ಪರದೆಯ ತುಂಡು ಕಟ್ಟಿದೆ. ಶುರುವಿನಲ್ಲಿ ಡಿಲೀಟ್ ಒತ್ತಿದರೆ ಬರುವ ನೀಲಿ ಪರದೆಯಲ್ಲಿ ಹಿಂದಿನ ದಿನ 78 ಡಿಗ್ರಿ ಇದ್ದದ್ದು 69 ತೋರಿಸಿತು. ಪರದೆಯ ತುಂಡನ್ನು ಶನಿವಾರಕ್ಕೊಮ್ಮೆ ಝಾಡಿಸುವುದೊಂದು ಕೆಲಸ ಹೆಚ್ಚಾಯಿತು. ಸಾವ್ಕಾರ್ರಿಗೆ ಬಡಿಯಲು ನೆಪ ಸಿಗದೆ ಸ್ವಲ್ಪ ದಿನ ಬೇಜಾರಾಗಿತ್ತು.

ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. ಹೇಳಿದರೆ ಕೇಳುವ ವಯಸ್ಸೂ ಅಲ್ಲ. ಫ್ಯಾನಿನ ಚೌಕಟ್ಟಿನ ಮೇಲೆ ಸಣ್ಣ ಬಾಣದ ಗುರುತಿರುತ್ತದೆ, ಇಲ್ಲವಾದರೆ ಮೋಟಾರು ಹಿಡಿದ ಅಡ್ಡಪಟ್ಟಿಗಳ ಕಡೆಗೆ ಗಾಳಿ ಹೊರಗೆ ಬರುತ್ತದೆ, ಅಷ್ಟು ತೋರಿಸಿದೆ. ಅವನ ಮುಖ ಸಣ್ಣದಾಗಿತ್ತು. 1995ರಲ್ಲಿ ಇಂಟೆಲ್‌ನವರೇ ಈ ಡಬ್ಬಿಗಳ ಎಟಿಎಕ್ಸ್ ಅಳತೆ ಬರೆದಾಗ ಪವರ್ ಸಪ್ಲೈಯ ಫ್ಯಾನು ಹೊರಗಿನ ಗಾಳಿಯನ್ನು ಒಳಗೆಳೆದು ಪ್ರೊಸೆಸರಿಗೆ ಊದಬೇಕೆಂದು ಹೇಳಿ, ಆಮೇಲೆ ಅದನ್ನು ಹೊರಗೆ ತಿರುಗಿಸಿದರು, ದೊಡ್ಡವರಿಗೂ ದಿಕ್ಕು ತಪ್ಪಿದೆ ಅಂದೆ. ನಾಲ್ಕು ತಿರುಪು ಬಿಚ್ಚಿ ಫ್ಯಾನು ಮಗುಚಿ ಹಾಕಿದ. ಊದಿನಕಡ್ಡಿ ಹಿಡಿದರೆ ಹೊಗೆ ದಾರದಂತೆ ಜಾಲರಿಯೊಳಗೆ ಹೋಯಿತು. ಆಟ ಸಂಜೆಯವರೆಗೆ ನಿಲ್ಲಲಿಲ್ಲ. ಅದು ಅಕ್ಕನ ಹೊಸ ತಕರಾರು.

ಮರುದಿನ ಕೊರಿಯರ್ ಬಂತು. ನಾಲ್ಕನೇ ಫ್ಯಾನು. ಪಂಚಾಯ್ತಿಗೆ ಮೊದಲೇ ಆರ್ಡರ್ ಆಗಿತ್ತಂತೆ.

ಅಕ್ಕ ಬೈಯಲಿಲ್ಲ. ಅವಳು ಶೇಂಗಾ ಹುರಿದು, ಹಿಂಡಿ ಮಾಡಲು ಸಿಪ್ಪೆ ತಿಕ್ಕುತ್ತಿದ್ದಳು, ಅಮ್ಮನ ಮರ ತೊಡೆಯ ಮೇಲಿತ್ತು. ಫ್ಯಾನನ್ನು ತಿರುವಿ ಮುರುವಿ ನೋಡಿ, "ಇದರಾಗ ಈ ಸಿಪ್ಪಿ ತೂರಾಕ ಬರತೈತೇನ?" ಅಂದಳು. ಅಳಿಯ ನಕ್ಕ. ನಾನು ಎದ್ದು ಹಳೆಯ ರೌಟರಿನ ಹನ್ನೆರಡು ವೋಲ್ಟಿನ ಅಡಾಪ್ಟರು ಹುಡುಕಿ, ತಂತಿ ಸುಲಿದು, ಕೆಂಪು ಕರಿ ನೋಡಿ ಹಚ್ಚಿದೆ. ಅಕ್ಕ ಮಗ್ಗುಲಾಗಿ ಕೂತು ಬೊಗಸೆ ಎತ್ತಿದಳು. ಕಾಳು ಟಪಟಪ ಮರಕ್ಕೆ ಬಿದ್ದವು. ಕೆಂಪು ಸಿಪ್ಪೆ ಎದ್ದು ಪಡಸಾಲೆಯ ತುಂಬ ಹಾರಿ, ನಾಲ್ಕಾರು ಹೋಗಿ ಕಂಪ್ಯೂಟರಿನ ಮುಂದಿನ ಜಾಲರಿಗೆ ಅಂಟಿಕೊಂಡವು.